ಪ್ರೊಚಿದಾ: ಗುಡ್ಡದ ತಲೆಯಿಂದ ಇಳಿದು ನೋಡುವ ದ್ವೀಪ

ನೇಪಲ್ಸ್ ಕೊಲ್ಲಿಗೆ ಬಂದವರು ಸಾಮಾನ್ಯವಾಗಿ ಕಾಪ್ರಿಗೆ ಹೋಗುತ್ತಾರೆ, ಸಮಯ ಉಳಿದರೆ ಇಸ್ಕಿಯಾಕ್ಕೂ ಹೋಗುತ್ತಾರೆ. ಇಸ್ಕಿಯಾದ ದಾರಿಯಲ್ಲೇ ಸಿಗುವ ಪ್ರೊಚಿದಾದಲ್ಲಿ ಇಳಿಯುವವರು ಕಡಿಮೆ. ಸುಮಾರು 4 ಚದರ ಕಿಲೋಮೀಟರ್ ನೆಲ, ಹತ್ತು ಸಾವಿರದಷ್ಟು ಜನ. ತಲೆಮಾರುಗಳಿಂದ ಮೀನು ಹಿಡಿದು, ಹಡಗುಗಳಲ್ಲಿ ದುಡಿದು ಬದುಕಿದ ಊರು. 2022ರಲ್ಲಿ ಇದು ಇಟಲಿಯ ‘ಸಾಂಸ್ಕೃತಿಕ ರಾಜಧಾನಿ’ಯಾಯಿತು, ದ್ವೀಪವೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಹಳದಿ, ಗುಲಾಬಿ, ತಿಳಿನೀಲಿ ಮನೆಗಳ ಚಿತ್ರ ನೋಡಿ ಹೋದವರು ಎರಡು ಗಂಟೆ ಬಂದರಿನಲ್ಲಿ ಸುತ್ತಿ ವಾಪಸು ಹಡಗು ಹತ್ತಿಬಿಡುತ್ತಾರೆ. ಅದು ದೊಡ್ಡ ನಷ್ಟ. ಆ ಬಣ್ಣಗಳ ಬೆನ್ನಿಗೆ ಒಂದು ಕೋಟೆ ಇದೆ, ಒಂದು ಸೆರೆಮನೆ ಇದೆ, ಸಮುದ್ರದ ಕಡೆಯಿಂದ ಬಂದ ಭಯದ ನೆನಪಿದೆ. ಅವನ್ನು ಕಂಡ ಮೇಲೆ ಬಣ್ಣದ ಗೋಡೆಗಳು ಬೇರೆಯಾಗಿಯೇ ಕಾಣುತ್ತವೆ. ಹಾಗಾಗಿ ನನ್ನ ಸಲಹೆ ಎರಡೇ: ಒಂದು ರಾತ್ರಿಯಾದರೂ ಅಲ್ಲಿ ತಂಗಿ, ಗುಡ್ಡದ ತಲೆಯಿಂದ ಶುರು ಮಾಡಿ ಕೆಳಗೆ ಇಳಿಯಿರಿ.

ಹೊರಡುವ ಮೊದಲು

ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಕಡೆಯ 15 ದಿನಗಳವರೆಗೆ ಕಾಯುವುದು ಬೇಡ. ಏಪ್ರಿಲ್‌ನಿಂದ ಜೂನ್, ಆಮೇಲೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಒಳ್ಳೆಯ ಕಾಲ. ಆಗಸ್ಟ್‌ನಲ್ಲಿ ಇಡೀ ಇಟಲಿ ರಜೆಯಲ್ಲಿರುತ್ತದೆ, ರೂಮು ಸಿಗುವುದೇ ಕಷ್ಟ.

ಹಳೆಯ ಸೆರೆಮನೆಯನ್ನು ಮಾರ್ಗದರ್ಶಕರ ಜೊತೆಗೇ ನೋಡಬೇಕು, ಮುಂಗಡ ಬುಕಿಂಗ್ ಬೇಕು. ರೂಮು ಕಾಯ್ದಿರಿಸುವ ಮೊದಲು ಇದನ್ನು ಕಾಯ್ದಿರಿಸಿ. ಎರಡು ದಿನದ ಉಳಿದ ಕಾರ್ಯಕ್ರಮವನ್ನು ಈ ಒಂದು ವೇಳೆಗೆ ಹೊಂದಿಸಿಕೊಳ್ಳುವುದು ಸುಲಭ.

ಕೊಲ್ಲಿ ದಾಟುವುದು

ನೇಪಲ್ಸ್‌ನ ಮೊಲೊ ಬೆವೆರೆಲ್ಲೊ ಕಟ್ಟೆಯಿಂದ ವೇಗದ ಹಡಗು ಹೊರಡುತ್ತದೆ, ಸುಮಾರು 40 ನಿಮಿಷದ ದಾರಿ. ವಾಹನಗಳನ್ನೂ ಒಯ್ಯುವ ದೊಡ್ಡ ಹಡಗು ಹೊರಡುವುದು ಕಲಾತಾ ಪೊರ್ತಾ ದಿ ಮಾಸ್ಸಾ ಎಂಬ ಬೇರೆ ಕಟ್ಟೆಯಿಂದ. ಅದಕ್ಕೆ ಒಂದು ಗಂಟೆ ಬೇಕು. ಎರಡು ಕಟ್ಟೆಗಳ ನಡುವೆ ಗೊಂದಲ ಮಾಡಿಕೊಂಡು ಹಡಗು ತಪ್ಪಿಸಿಕೊಳ್ಳುವುದು ಸುಲಭ, ಟಿಕೆಟ್ಟಿನಲ್ಲಿ ಕಟ್ಟೆಯ ಹೆಸರು ಓದಿಕೊಳ್ಳಿ. ನನಗೆ ದೊಡ್ಡ ಹಡಗೇ ಮೇಲು ಎನ್ನಿಸುತ್ತದೆ. ಮೇಲಟ್ಟದಲ್ಲಿ ನಿಂತು ದ್ವೀಪ ಹತ್ತಿರವಾಗುವುದನ್ನು ನೋಡಬಹುದು. ಗಾಳಿ ಜೋರಾದ ದಿನ ಮೊದಲು ರದ್ದಾಗುವುದು ವೇಗದ ಹಡಗುಗಳೇ. ಇದೇ ಕಾರಣಕ್ಕೆ, ಊರಿಗೆ ಮರಳುವ ವಿಮಾನದ ದಿನವೇ ದ್ವೀಪದಿಂದ ಹೊರಡುವ ಯೋಜನೆ ಹಾಕಬೇಡಿ.

ಮೊದಲು ತೆರ್ರಾ ಮುರಾತಾ

ಹಡಗು ಇಳಿಯುವುದು ಮರೀನಾ ಗ್ರಾಂದೆಯಲ್ಲಿ. ಅಲ್ಲಿನ ಬಣ್ಣದ ಮನೆಗಳ ಸಾಲಿಗೆ ಮರುಳಾಗಿ ನಿಲ್ಲದೆ, ಚೀಲ ರೂಮಿನಲ್ಲಿಟ್ಟು ಮೇಲಕ್ಕೆ ನಡೆಯಿರಿ. ನಡೆಯಲಾಗದವರಿಗೆ ಚಿಕ್ಕ ಬಸ್ಸುಗಳಿವೆ. ದಾರಿಯಲ್ಲಿ ಪಿಯಾತ್ಸಾ ದೇಯಿ ಮಾರ್ತಿರಿ, ಅಂದರೆ ಹುತಾತ್ಮರ ಚೌಕ ಸಿಗುತ್ತದೆ. 1799ರ ನೇಪಲ್ಸ್ ಗಣರಾಜ್ಯದ ಪರ ನಿಂತು ಪ್ರಾಣ ತೆತ್ತ ದ್ವೀಪದವರ ನೆನಪು ಅದು. ಇನ್ನೂ ಏರಿದರೆ ಎರಡು ಹಳೆಯ ಫಿರಂಗಿಗಳಿರುವ ಒಂದು ತಿರುವು. ಪತ್ರಿಕೆಗಳಲ್ಲಿ ಕಾಣುವ ಪ್ರೊಚಿದಾದ ಚಿತ್ರಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ತೆಗೆದವು.

ತೆರ್ರಾ ಮುರಾತಾ ಎಂದರೆ ಗೋಡೆ ಕಟ್ಟಿದ ನೆಲ. ಕಡಲ್ಗಳ್ಳರ ಹಡಗು ಕಂಡ ಕೂಡಲೇ ಜನ ಓಡಿ ಬಂದು ಸೇರುತ್ತಿದ್ದುದು ಸಮುದ್ರದಿಂದ ಸುಮಾರು 90 ಮೀಟರ್ ಎತ್ತರದ ಈ ಜಾಗಕ್ಕೆ. ಇಲ್ಲಿರುವ ಸಂತ ಮೈಕೆಲ್‌ನ ಮಠದೊಳಗೆ ಎರಡು ವರ್ಣಚಿತ್ರಗಳನ್ನು ನಿಧಾನವಾಗಿ ನೋಡಬೇಕು. ಮರದ ಚೌಕಗಳ ಚಾವಣಿಯಲ್ಲಿ ಲುಯಿಜಿ ಗಾರ್ತ್ಸಿ 1699ರಲ್ಲಿ ಬಿಡಿಸಿದ, ಲೂಸಿಫರನನ್ನು ಮಣಿಸುವ ಮೈಕೆಲ್ ಇದ್ದಾನೆ. ಇನ್ನೊಂದು ನಿಕೊಲಾ ರುಸ್ಸೊ ಬಿಡಿಸಿದ 1690ರ ಚಿತ್ರ: ಮುತ್ತಿಗೆ ಹಾಕಿದ ಹಡಗುಗಳ ಮೇಲೆ ಆಕಾಶದಿಂದ ಮೈಕೆಲ್ ಇಳಿದು ಬಂದು ದ್ವೀಪವನ್ನು ಕಾಯುತ್ತಿದ್ದಾನೆ. 1535ರಲ್ಲಿ ಒಟ್ಟೊಮನ್ ನೌಕಾಧಿಪತಿ ಬಾರ್ಬರೋಸಾನ ಪಡೆ ಬಂದಾಗ ಆದದ್ದು ಇದೇ ಎಂಬುದು ಇಲ್ಲಿಯವರ ನಂಬಿಕೆ. ಕಲೆಯಾಗಿ ಮೊದಲನೆಯದು ನುರಿತ ಕೈಯ ಕೆಲಸ. ಆದರೆ ಊರಿನ ಎದೆಬಡಿತ ಕೇಳುವುದು ಎರಡನೆಯದರಲ್ಲಿ. ಅದರಲ್ಲಿ ಕಾಣುವ ನೆಲದ ಮೇಲೆಯೇ ನೀವು ನಿಂತಿರುತ್ತೀರಿ.

ಪಕ್ಕದಲ್ಲೇ ಪಲಾತ್ಸೊ ದಾವಲೊಸ್. 16ನೇ ಶತಮಾನದಲ್ಲಿ ಕಾರ್ಡಿನಲ್ ಇನ್ನಿಕೊ ದಾವಲೊಸ್ ಕಟ್ಟಿಸಿದ ಅರಮನೆ, ಮುಂದೆ ಬೂರ್ಬನ್ ರಾಜರ ಬೇಟೆಯ ಬಿಡಾರ. 1830ರಿಂದ 1988ರವರೆಗೆ ಸೆರೆಮನೆ. ಕೈದಿಗಳು ಮಗ್ಗದಲ್ಲಿ ಲಿನನ್ ಬಟ್ಟೆ ನೇಯುತ್ತಿದ್ದರು. ಕಿಟಕಿಯ ಕಂಬಿಗಳ ಆಚೆ ಸಮುದ್ರ ಹೊಳೆಯುತ್ತದೆ. ಇಲ್ಲಿ ಗಡಿಬಿಡಿ ಬೇಡ, ಒಂದೂವರೆ ಗಂಟೆ ಮೀಸಲಿಡಿ.

ಆಮೇಲೆ ಕೊರ್ರಿಚೆಲ್ಲಾ

ಈಗ ಇಳಿಯಿರಿ. ಮೀನುಗಾರರ ಕೇರಿ ಕೊರ್ರಿಚೆಲ್ಲಾಕ್ಕೆ ಗಾಡಿ ಹೋಗುವುದಿಲ್ಲ. ಮೆಟ್ಟಿಲಿಳಿದು ಹೋಗಬೇಕು, ಇಲ್ಲವೇ ದೋಣಿಯಲ್ಲಿ ಬರಬೇಕು. ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ಬಣ್ಣ ನೋಡುವ ಮೊದಲು ಆಕಾರ ನೋಡಿ: ಒಂದರ ಹೆಗಲ ಮೇಲೆ ಇನ್ನೊಂದು ಮನೆ, ಗುಮ್ಮಟದಂತೆ ಬಾಗಿದ ಮಾಡು, ಗೋಡೆಯ ಹೊರಗಿನಿಂದಲೇ ಏರುವ ಮೆಟ್ಟಿಲು, ಮೇಲೆ ಕಮಾನಿನೊಳಗೊಂದು ಜಗಲಿ. ಈ ಜಗಲಿಗೆ ಇಲ್ಲಿಯವರು ‘ವೇಫಿಯೊ’ ಎನ್ನುತ್ತಾರೆ. ಕಡಲಿಗೆ ಹೋದವರು ದೂರದಿಂದಲೇ ತಮ್ಮ ಮನೆ ಗುರುತಿಸಲೆಂದು ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದರು ಎಂಬ ಮಾತಿದೆ. ಕಟ್ಟೆಯ ಮೇಲೆ ಈಗಲೂ ಬಲೆಗಳು ರಾಶಿ ಬಿದ್ದಿರುತ್ತವೆ. ಬಲೆ ಹೆಣೆಯುತ್ತ ಕುಳಿತವರ ಫೋಟೊ ತೆಗೆಯುವ ಮೊದಲು ‘ಬೊಂಜೋರ್ನೊ’ ಎಂದು ಮಾತಾಡಿಸಿ, ಕೇಳಿ ತೆಗೆಯಿರಿ.

1994ರ ‘ಇಲ್ ಪೊಸ್ತೀನೊ’ ಚಿತ್ರದ ಹಲವು ದೃಶ್ಯಗಳು ಇದೇ ಕಟ್ಟೆಯಲ್ಲಿ ಚಿತ್ರಿತವಾದವು. ಗಡಿಪಾರಾದ ಕವಿ ಪಾಬ್ಲೊ ನೆರೂದಾರಿಗೆ ಕಾಗದ ತಲುಪಿಸುವ ಅಂಚೆಯವನೊಬ್ಬ ಕವಿತೆ ಕಲಿಯುವ ಕಥೆ. ಅಂಚೆಯವನಾಗಿ ನಟಿಸಿದ ಮಾಸ್ಸಿಮೊ ತ್ರೊಯಿಸಿ ಹೃದಯದ ಕಾಯಿಲೆಯಲ್ಲೇ ಚಿತ್ರೀಕರಣ ಮುಗಿಸಿ, ಮರುದಿನ ತೀರಿಕೊಂಡರು. ವಯಸ್ಸು 41. ಹೋಗುವ ಮೊದಲು ಈ ಚಿತ್ರ ನೋಡಿ. ಓದುವ ಅಭ್ಯಾಸವಿದ್ದರೆ ಎಲ್ಸಾ ಮೊರಾಂತೆಯವರ ‘ಲಿಸೊಲಾ ದಿ ಅರ್ತೂರೊ’ ಕಾದಂಬರಿಯ ಇಂಗ್ಲಿಷ್ ಅನುವಾದವನ್ನೂ ಜೊತೆಗೆ ಒಯ್ಯಿರಿ. 1957ರಲ್ಲಿ ಇಟಲಿಯ ಸ್ತ್ರೇಗಾ ಸಾಹಿತ್ಯ ಪ್ರಶಸ್ತಿ ಪಡೆದ ಈ ಕೃತಿ ಇದೇ ದ್ವೀಪದಲ್ಲಿ ಬೆಳೆಯುವ ಹುಡುಗನೊಬ್ಬನ ಕಥೆ. ನೀವು ಆಗಷ್ಟೇ ನೋಡಿ ಬಂದ ಸೆರೆಮನೆಯ ನೆರಳು ಅದರಲ್ಲೂ ಇದೆ.

ಗುಡ್ ಫ್ರೈಡೆಗೆ ಹೋಗುವುದಾದರೆ

ದಿನಾಂಕ ನಿಮ್ಮ ಕೈಯಲ್ಲಿದ್ದರೆ ಗುಡ್ ಫ್ರೈಡೆಯನ್ನೇ ಆರಿಸಿ. ದ್ವೀಪದ ಹುಡುಗರು ತಿಂಗಳುಗಟ್ಟಲೆ ಗುಟ್ಟಾಗಿ ಕುಳಿತು, ಮರ, ಕಾಗದದ ಮುದ್ದೆ ಮುಂತಾದವುಗಳಿಂದ ಬೈಬಲ್ಲಿನ ಪ್ರಸಂಗಗಳ ಸ್ತಬ್ಧಚಿತ್ರ ಮಾಡುತ್ತಾರೆ. ಇವಕ್ಕೆ ‘ಮಿಸ್ತೇರಿ’ ಎಂದು ಹೆಸರು. 17ನೇ ಶತಮಾನದಿಂದ ಬಂದ ‘ತುರ್ಕೀನಿ’ ಧಾರ್ಮಿಕ ಸಂಘದ ಮುಂದಾಳುತನದಲ್ಲಿ, ಬಿಳಿ ನಿಲುವಂಗಿಯ ಮೇಲೆ ನೀಲಿ ಮೇಲುಹೊದಿಕೆ ತೊಟ್ಟವರು ಅವನ್ನು ಹೆಗಲ ಮೇಲೆ ಹೊತ್ತು ತೆರ್ರಾ ಮುರಾತಾದಿಂದ ಬಂದರಿಗೆ ಇಳಿಸುತ್ತಾರೆ. ಮೆರವಣಿಗೆ ಹೊರಡುವುದು ಬೆಳಗಿನ ಜಾವದಲ್ಲಿ, ಕಹಳೆ ಮತ್ತು ತಮಟೆಯ ದನಿಯೊಂದಿಗೆ. ಅದು ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿಹಾಕಿ, ಮುಂದಿನ ವರ್ಷ ಹೊಸದಾಗಿ ಮಾಡುತ್ತಾರೆ. ಹಿಂದಿನ ದಿನವೇ ದ್ವೀಪದಲ್ಲಿ ತಂಗಿದವರಿಗೆ ಮಾತ್ರ ಇದರ ಆರಂಭ ಸಿಗುತ್ತದೆ. ರೂಮನ್ನು ತಿಂಗಳುಗಳ ಮೊದಲೇ ಹಿಡಿಯಿರಿ.

ಊಟ

ಸಸ್ಯಾಹಾರಿಗಳು ಹೆದರಬೇಕಿಲ್ಲ. ಇಲ್ಲಿನ ನಿಂಬೆ ನಮ್ಮ ಮಾದಲದ ಹಾಗೆ ದೊಡ್ಡದು, ಸಿಪ್ಪೆಯೊಳಗಿನ ಬಿಳಿ ಭಾಗ ದಪ್ಪ, ಕಹಿ ಕಡಿಮೆ. ಅದನ್ನೇ ತುಂಡು ಮಾಡಿ ಪುದೀನ, ಮೆಣಸಿನಕಾಯಿ, ಆಲಿವ್ ಎಣ್ಣೆ ಬೆರೆಸಿ ‘ಇನ್ಸಲಾತಾ ದಿ ಲಿಮೋನಿ’ ಮಾಡುತ್ತಾರೆ. ಕೋಸಂಬರಿ ತಿಂದು ಬೆಳೆದ ನಾಲಿಗೆಗೆ ಕೂಡಲೇ ಒಗ್ಗುತ್ತದೆ. ಬೆಳಿಗ್ಗೆ ಬೇಕರಿಯಲ್ಲಿ ‘ಲಿಂಗುವಾ’ ಕೇಳಿ, ನಿಂಬೆಯ ಕ್ರೀಮ್ ತುಂಬಿದ ಪದರುಪದರಾದ ತಿನಿಸು. ಮಧ್ಯಾಹ್ನ ಹಲವು ಅಂಗಡಿ, ಚರ್ಚುಗಳು ಮೂರ್ನಾಲ್ಕು ಗಂಟೆ ಮುಚ್ಚಿರುತ್ತವೆ, ಊಟ ಮತ್ತು ವಿಶ್ರಾಂತಿಗೆ ಅದೇ ಹೊತ್ತು.

ಮರಳುವಾಗ

ಎರಡನೇ ದಿನ ಸಮಯವಿದ್ದರೆ ಸೇತುವೆಯಾಚೆಯ ವಿವಾರಾ ನಡುಗಡ್ಡೆಯನ್ನು ವಿಚಾರಿಸಿ. ಗ್ರೀಸಿನ ಮೈಸಿನೀ ಕಾಲದ ಮಡಕೆಚೂರುಗಳು ಸಿಕ್ಕಿದ ಜಾಗ. ಈಗ ಸಂರಕ್ಷಿತ ಪ್ರದೇಶವಾದ್ದರಿಂದ ಮಾರ್ಗದರ್ಶಕರೊಂದಿಗೆ ಮಾತ್ರ ಪ್ರವೇಶ.

ವಾಪಸು ಬರಲು ನೇಪಲ್ಸ್‌ನ ಬದಲು ಪೊತ್ಸುವೊಲಿಗೆ ಹೋಗುವ ಹಡಗು ಹಿಡಿಯಬಹುದು. ಅಲ್ಲಿಂದ ನೇಪಲ್ಸ್‌ಗೆ ರೈಲಿದೆ. ಬಂದರಿನಿಂದ ಸ್ವಲ್ಪ ನಡೆದರೆ ರೋಮನ್ನರ ಕಾಲದ ಸಂತೆಕಟ್ಟೆಯ ಅವಶೇಷ, ಅದರಲ್ಲಿ ಮೂರು ಅಮೃತಶಿಲೆಯ ಕಂಬಗಳು. ಆಳೆತ್ತರಕ್ಕೂ ಮೇಲೆ ಕಂಬದ ಸುತ್ತ ಕಡಲಚಿಪ್ಪಿನ ಜೀವಿಗಳು ಕೊರೆದ ತೂತುಗಳಿವೆ. ಈ ಜ್ವಾಲಾಮುಖಿ ನೆಲ ಒಮ್ಮೆ ಅಷ್ಟು ಆಳಕ್ಕೆ ಮುಳುಗಿ ಮತ್ತೆ ಎದ್ದಿದೆ. ಪ್ರೊಚಿದಾ ಹುಟ್ಟಿದ್ದೂ ಇದೇ ಜ್ವಾಲಾಮುಖಿ ವಲಯದಲ್ಲಿ. ಈಚಿನ ವರ್ಷಗಳಲ್ಲಿ ಪೊತ್ಸುವೊಲಿಯ ನೆಲ ಮತ್ತೆ ಏರುತ್ತಿದೆ, ಸಣ್ಣಪುಟ್ಟ ಭೂಕಂಪಗಳು ಆಗುತ್ತಿವೆ. ಇದರಿಂದ ಅಲ್ಲಿಗೆ ಹೋಗುವ ಹಡಗುಗಳ ವೇಳೆ ಬದಲಾಗಬಹುದು, ಆದ್ದರಿಂದ ಹೊರಡುವ ಬೆಳಿಗ್ಗೆ ಅದನ್ನು ಮರೀನಾ ಗ್ರಾಂದೆಯ ಟಿಕೆಟ್ ಕಿಟಕಿಯಲ್ಲಿ ಕೇಳಿಕೊಳ್ಳಿ.