ಕೊಟ್ಟೂರಿನ ಪಾದಯಾತ್ರೆ: ಬೆಂಗಾವಲಿಗರು ಅನುಸರಿಸತಕ್ಕ ಕ್ರಮ

ಮಾಘ ಬಹುಳದಲ್ಲಿ ನಡೆಯುವ ಗುರು ಕೊಟ್ಟೂರೇಶ್ವರನ ರಥೋತ್ಸವಕ್ಕೆಂದು ದಾವಣಗೆರೆಯಿಂದಲೂ ಹರಿಹರದಿಂದಲೂ ಕಾಲ್ನಡಿಗೆಯಲ್ಲಿ ಹೊರಡುವ ಭಕ್ತರು, ತಮಗೆ ಅರಿವಿಲ್ಲದೆಯೇ, ಕ್ರೀಡಾಲೋಕವು ಅಲ್ಟ್ರಾ ಮ್ಯಾರಥಾನ್ ಎಂದು ಕರೆಯುವ ಸಾಹಸವನ್ನು ಕೈಗೊಂಡಿರುತ್ತಾರೆ; 42.195 ಕಿಲೋಮೀಟರನ್ನು ಮೀರಿದ ದೂರವೆಲ್ಲ ಆ ಹೆಸರಿಗೆ ಸಲ್ಲುವುದಾಗಿ, ಕೊಟ್ಟೂರಿನ ದಾರಿಯಾದರೋ ಅದಕ್ಕಿಂತ ದೀರ್ಘವಾದುದು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆಯೂ ಇಂಥ ಓಟವೊಂದು ನಡೆಯುತ್ತದೆ. ಅಂಥ ಓಟಗಳಲ್ಲಿ ಸಾಮಾನ್ಯವಾಗಿ ನೆಂಟರಿಷ್ಟರು ಓಟಗಾರನನ್ನು ಕಾಣಬಹುದಾದ ಸ್ಥಳಗಳು ಮೊದಲೇ ಗೊತ್ತಾಗಿರುತ್ತವೆ. ನಮ್ಮಲ್ಲಿಯೋ ವಾತ್ಸಲ್ಯಕ್ಕೆ ಮೇರೆಯೇ ಇಲ್ಲ: ಮಗನು ನಡೆದರೆ ಅಪ್ಪನ ಬೈಕು, ಅತ್ತಿಗೆ ನಡೆದರೆ ಮೈದುನನ ಟಾಟಾ ಏಸ್, ನಡಿಗೆಯ ವೇಗದಲ್ಲಿಯೇ ಪಕ್ಕದಲ್ಲಿ ತೆವಳುತ್ತ ಬರುವುದನ್ನು ಕಾಣುತ್ತೇವೆ. ಹಾಗೆ ತೆವಳುವ ವಾಹನವನ್ನು ಹಿಂದಿಕ್ಕಲು ಲಾರಿಯೊಂದು ಬಲಕ್ಕೆ ಸರಿದಾಗ ಎದುರಿನಿಂದ ಬರುವವರ ಗತಿಯೇನೆಂಬುದನ್ನು ಯಾರೂ ಯೋಚಿಸುವುದಿಲ್ಲ. ಆದುದರಿಂದ ಸಹಾಯಕರನ್ನು ದಾರಿಯಿಂದ ತೆಗೆದು ಅರವಟಿಗೆಯಲ್ಲಿ ನಿಲ್ಲಿಸುವುದೇ ಎಲ್ಲ ಏರ್ಪಾಡಿನ ತಳಹದಿಯೆಂದು ನಾನು ತಿಳಿದಿದ್ದೇನೆ.

ಮೊದಲ ಕೆಲಸ ಕಾಗದದ್ದು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾದುದರಿಂದ, ಉಚ್ಚಂಗಿದುರ್ಗದ ಕಡೆಯಿಂದ ಹೋಗುವ ತಂಡಕ್ಕೆ ದಾರಿಯ ನಡುವೆಯೇ ಪೊಲೀಸರ ಸರಹದ್ದು ಬದಲಾಗುತ್ತದೆ. ಎರಡೂ ಜಿಲ್ಲೆಗಳ ಪೊಲೀಸರಿಗೆ ದಿನ, ವೇಳೆ, ದಾರಿ, ಜನಸಂಖ್ಯೆ, ಮುಖಂಡನ ದೂರವಾಣಿ ಇವಿಷ್ಟನ್ನು ಮುಂಚಿತವಾಗಿ ಬರೆದು ಕೊಡತಕ್ಕದ್ದು.

ಬಳಿಕ ಅರವಟಿಗೆಗಳ ಸ್ಥಳನಿರ್ಣಯ. ಏಳೆಂಟು ಕಿಲೋಮೀಟರಿಗೊಂದರಂತೆ, ತಿರುವು ಸೇತುವೆಗಳನ್ನು ಬಿಟ್ಟು, ವಾಹನಗಳು ಡಾಂಬರಿನಿಂದ ಪೂರ್ತಿಯಾಗಿ ಕೆಳಗಿಳಿದು ನಿಲ್ಲಬಹುದಾದ ಶಾಲೆಯ ಆವರಣವನ್ನೋ ಗುಡಿಯ ಬಯಲನ್ನೋ ಆರಿಸಬೇಕು. ಕಾಲುದಾರಿಯಿಲ್ಲದ ರಸ್ತೆಯಲ್ಲಿ ನಡೆಯುವವರು ಎದುರಿನ ವಾಹನಗಳನ್ನು ಕಾಣುವಂತೆ ಬಲಬದಿಯನ್ನು ಹಿಡಿಯುವುದು ಕ್ಷೇಮಕರವಾದುದರಿಂದ, ಅರವಟಿಗೆಯೂ ಬಲಬದಿಯಲ್ಲಿಯೇ ಇರುವುದು ಒಳ್ಳೆಯದು. ಒಂದು ಲೋಟ ಮಜ್ಜಿಗೆಗಾಗಿ ನಿದ್ದೆಗಣ್ಣಿನವರು ರಸ್ತೆ ದಾಟುವಂತಾಗಬಾರದು. ತಂಡಕ್ಕೆ ಎರಡು ಮೂರು ವಾಹನಗಳು ಧಾರಾಳವಾಗಿ ಸಾಕು. ಅವು ಮುಂದಿನ ಅರವಟಿಗೆಗೆ ನೇರವಾಗಿ ಹೋಗಿ ಅಲ್ಲಿ ಕಾಯಬೇಕೇ ಹೊರತು ನಡುವೆ ಎಲ್ಲಿಯೂ ನಿಲ್ಲತಕ್ಕದ್ದಲ್ಲ. ಹರಿಹರದಿಂದ ಹೊರಡುವವರಿಗೆ ದೊಡ್ಡಬಾತಿಯ ಮೂಲಕ ದಾವಣಗೆರೆಗೆ ಬರುವ ಹದಿನಾಲ್ಕು ಕಿಲೋಮೀಟರು ವಾಹನಗಳ ದಟ್ಟಣೆಯಿಂದಾಗಿ ಕಷ್ಟತರವಾದ ಭಾಗ. ಅದನ್ನು ಹಗಲಿನ ಬೆಳಕಿನಲ್ಲಿ ಮುಗಿಸುವುದು ಲೇಸು.

ಹೊರಡುವ ಮುನ್ನ ಪ್ರತಿಯೊಬ್ಬರ ಹೆಸರು, ವಯಸ್ಸು, ರಕ್ತದ ಗುಂಪು, ಬಿ.ಪಿ., ಸಕ್ಕರೆ ಕಾಯಿಲೆ, ನುಂಗುವ ಮಾತ್ರೆ, ಮನೆಯವರ ನಂಬರು ಇವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಒಂದೊಂದು ಸಂಖ್ಯೆಯ ಚೀಟಿಯನ್ನು ಎದೆಗೆ ಪಿನ್ನು ಹಾಕಿ ಕೊಡಬೇಕು. ಪ್ರತಿ ಅರವಟಿಗೆಯಲ್ಲಿಯೂ ಬಂದವರನ್ನೂ ಹೋದವರನ್ನೂ ಗುರುತು ಹಾಕಬೇಕು. ಎಲ್ಲರ ಹಿಂದೆ ಟಾರ್ಚು ಹಿಡಿದ ಇಬ್ಬರು ಗಟ್ಟಿಗರು ನಡೆಯಲಿ. ಅವರಿಗಿಂತ ಹಿಂದೆ ಯಾರೂ ಉಳಿಯಕೂಡದು. ಕತ್ತಲಾದ ಮೇಲೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯಿಲ್ಲದವರನ್ನು ಅರವಟಿಗೆಯಿಂದ ಮುಂದಕ್ಕೆ ಕಳುಹಿಸಬೇಡಿ. ಕಡ್ಡಾಯದ ಸಾಮಗ್ರಿಯೆಂದರೆ ನಗುವವರುಂಟು; 2021ರ ಮೇ ತಿಂಗಳಿನಲ್ಲಿ ಚೀನಾದ ಗಾನ್ಸು ಪ್ರಾಂತದ ನೂರು ಕಿಲೋಮೀಟರು ಓಟದಲ್ಲಿ, ಹಠಾತ್ತಾಗಿ ಎರಗಿದ ಶೀತಗಾಳಿಗೆ 21 ಮಂದಿ ಬಲಿಯಾದಾಗ, ಗಾಳಿ ತಡೆಯುವ ಅಂಗಿಯನ್ನು ಕಡ್ಡಾಯ ಮಾಡಿರಲಿಲ್ಲವೆಂಬುದು ಲೋಕಕ್ಕೆ ತಿಳಿಯಿತು.

ನಮ್ಮ ಬಯಲುಸೀಮೆಯ ಶತ್ರು ಬಿಸಿಲು. ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿ ಮಲಗಿಸಿ. ಬರಿಯ ನೀರನ್ನೇ ಕೊಡಗಟ್ಟಲೆ ಕುಡಿಸುವ ಉಪಚಾರವೂ ಹಾನಿಕರ. ರಕ್ತದಲ್ಲಿನ ಸೋಡಿಯಂ ಕುಸಿದು ತಲೆನೋವು, ವಾಂತಿ, ಗೊಂದಲಗಳು ತಲೆದೋರುತ್ತವೆ. ಬಾಯಾರಿದಷ್ಟೇ ಕುಡಿಯಲಿ, ಜೊತೆಗೆ ಉಪ್ಪು ಬೆರೆತ ಮಜ್ಜಿಗೆಯೋ ಓಆರ್‌ಎಸ್ಸೋ ಇರಲಿ: ಪೊಟ್ಟಣವಿಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆಯಲ್ಲಿ. ಮಂಡಕ್ಕಿ ದಾವಣಗೆರೆಯವರ ಪ್ರಾಣವೇ ಆದರೂ, ಅದರ ಜೊತೆಗಾರನಾದ ಮೆಣಸಿನಕಾಯಿ ಬಜ್ಜಿಯನ್ನು ಮಾತ್ರ ಕೊಟ್ಟೂರು ಮುಟ್ಟುವ ತನಕ ದೂರವಿಡುವುದು ವಿವೇಕ. ನಡೆಯುತ್ತಿದ್ದವನು ತಡಬಡಿಸಿ ಮಾತನಾಡಿದರೆ, ದಾರಿ ತಪ್ಪಿ ಓಲಾಡಿದರೆ, ಮೈ ಕಾದಿದ್ದರೆ, ಅದನ್ನು ಬಿಸಿಲಿನ ಆಘಾತವೆಂದೇ ತಿಳಿದು, ಆಂಬುಲೆನ್ಸಿಗೆ 108ನ್ನು ಕರೆಯುತ್ತಿರುವಾಗಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯೆಲ್ಲ ತೋಯುವಂತೆ ತಣ್ಣೀರು ಸುರಿದು ಗಾಳಿ ಹಾಕಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹನಿಸಕೂಡದು.

ಅತ್ಯಂತ ಕಷ್ಟವಾದುದು ಒಬ್ಬನನ್ನು ನಿಲ್ಲಿಸುವುದು. ದಕ್ಷಿಣ ಆಫ್ರಿಕದಲ್ಲಿ 1921ರಿಂದ ನಡೆದುಬಂದಿರುವ ಕಾಮ್ರೇಡ್ಸ್ ಓಟದಲ್ಲಿ ನಿಗದಿಯಾದ ಗಳಿಗೆಗೆ ಗುಂಡು ಹಾರಿತೆಂದರೆ, ಗೆರೆಗೆ ಒಂದೇ ಹೆಜ್ಜೆ ಉಳಿದವನಿಗೂ ಪ್ರವೇಶವಿಲ್ಲ. ಹರಕೆ ಹೊತ್ತವನ ಮುಂದೆ ಗುಂಡಿನ ಮಾತು ನಡೆಯದು. “ಅಪ್ಪಾಜಿ, ಉಳಿದದ್ದನ್ನು ವಾಹನದಲ್ಲಿ ಬಂದರೂ ಕೊಟ್ಟೂರಯ್ಯ ಒಲ್ಲೆ ಅನ್ನೋದಿಲ್ಲ” ಎಂದು ಹೇಳಬಲ್ಲ ಹಿರಿಯರೊಬ್ಬರನ್ನು ಹೊರಡುವ ಮೊದಲೇ ಎಲ್ಲರ ಎದುರು ನೇಮಿಸಿ, ಅವರ ಮಾತೇ ಅಂತಿಮವೆಂದು ಒಪ್ಪಿಸಿಕೊಂಡಿರಬೇಕು.

ಇನ್ನು ಮರಳುವ ಪ್ರಯಾಣ. ರಾತ್ರಿಯೆಲ್ಲ ಅರವಟಿಗೆಯಲ್ಲಿ ಎಚ್ಚರವಿದ್ದ ಡ್ರೈವರನ ಕೈಗೇ ಜನ ತುಂಬಿದ ವಾಹನವನ್ನು ಒಪ್ಪಿಸುವ ರೂಢಿ ನಮ್ಮಲ್ಲಿದೆ. ಬದಲಿಗೆ ಮತ್ತೊಬ್ಬ ಡ್ರೈವರನನ್ನು ಮನೆಯಲ್ಲಿ ಮಲಗಿ ನಿದ್ರಿಸಲು ಹೇಳಿ, ತೇರಿನ ದಿನ ಬಸ್ಸಿನಲ್ಲಿ ಕೊಟ್ಟೂರಿಗೆ ಕರೆಸಿಕೊಳ್ಳಿ.