ಹಲ್ಲಿಗೆ ಆಧಾರ ದವಡೆಯ ಮೂಳೆ



ಕೆಲವು ವರ್ಷಗಳ ಹಿಂದೆ ನಾನಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುಮಾರು ಮೂವತ್ತೆರಡು ವರ್ಷದ ತಾಯಿಯೊಬ್ಬರು ತಮ್ಮ ಮೂರನೆಯ ಮಗುವಿಗೆ ಲಸಿಕೆ ಹಾಕಿಸಲು ಪತಿಯೊಡನೆ ಬಂದಿದ್ದರು. ಹೊರಡುವ ಮುನ್ನ ಅವರು, ಕೆಳಗಿನ ಮುಂದಿನ ಹಲ್ಲುಗಳು ಅಲುಗಾಡುತ್ತಿವೆ ಎಂದು ಸಂಕೋಚದಿಂದಲೇ ತಿಳಿಸಿದರು. ಪಕ್ಕದಲ್ಲಿದ್ದ ಪತಿ ಒಡನೆಯೇ, "ಬಿಡಿ ಸಾರ್, ಹೆರಿಗೆಗೊಂದು ಹಲ್ಲು ಹೋಗೋದು ಇದ್ದದ್ದೇ. ನಮ್ಮವ್ವನಿಗೂ ಹಾಗೇ ಆಗಿತ್ತು" ಎಂದರು. ನಾನು ಕ್ಯಾಲ್ಸಿಯಂ ಮಾತ್ರೆಗಳನ್ನು ಬರೆದುಕೊಟ್ಟು ಕಳುಹಿಸಿದೆ. ಬಾಯಿ ತೆರೆಸಿ ನೋಡಲಿಲ್ಲ.

ಎಂಟು ತಿಂಗಳ ನಂತರ ಆ ತಾಯಿ ಮತ್ತೆ ಬಂದಾಗ ಎರಡು ಹಲ್ಲುಗಳು ಉದುರಿದ್ದವು. ಮೂರನೆಯದು ಬೆರಳು ತಾಗಿದರೆ ಅಲುಗುತ್ತಿತ್ತು. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ಕ್ಷಕಿರಣ ಚಿತ್ರ ತೆಗೆದು ನನಗೆ ತೋರಿಸಿದರು. ಹಲ್ಲುಗಳಲ್ಲಿ ಹುಳುಕು ಇರಲಿಲ್ಲ. ಆದರೆ ಅವುಗಳ ಬೇರನ್ನು ಹಿಡಿದು ನಿಲ್ಲಿಸಬೇಕಾದ ದವಡೆಯ ಮೂಳೆ ಅರ್ಧದಷ್ಟು ಕರಗಿಹೋಗಿತ್ತು. ಮಾತ್ರೆ ಕೊಟ್ಟದ್ದು ನನ್ನ ತಪ್ಪಲ್ಲ. ವಸಡನ್ನು ನೋಡದೆ ಬಿಟ್ಟದ್ದು ತಪ್ಪು. ಅದೇ ತಪ್ಪು ನಿಮ್ಮ ಮನೆಯಲ್ಲಿ ನಡೆಯಬಾರದೆಂಬ ಉದ್ದೇಶದಿಂದ ಈ ಪಾಠವನ್ನು ಬರೆದಿದ್ದೇನೆ.

ಹಲ್ಲು ನಿಲ್ಲುವುದು ಹೇಗೆ?

ಹೊಲದ ಬೇಲಿಗೆ ನೆಟ್ಟ ಗೂಟವನ್ನು ನೆನಪಿಗೆ ತಂದುಕೊಳ್ಳಿ. ಗೂಟ ಎರಡು ರೀತಿಯಲ್ಲಿ ಹಾಳಾಗುತ್ತದೆ. ಗೆದ್ದಲು ತಿಂದು ಗೂಟವೇ ಟೊಳ್ಳಾಗಬಹುದು. ಇಲ್ಲವೆ ಗೂಟ ಗಟ್ಟಿಯಾಗಿದ್ದರೂ ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋಗಿ ಅದು ವಾಲಬಹುದು. ಹಲ್ಲಿನ ಹುಳುಕು ಮೊದಲನೆಯ ಬಗೆಯದು. ದವಡೆಯ ಮೂಳೆ ಕರಗುವುದು ಎರಡನೆಯ ಬಗೆಯದು. ಹುಳುಕಾದರೆ ನೋವು ಬಂದು ಎಚ್ಚರಿಸುತ್ತದೆ. ಮೂಳೆ ಕರಗುವಾಗ ಸಾಮಾನ್ಯವಾಗಿ ನೋವಿರುವುದಿಲ್ಲ. ಆದುದರಿಂದಲೇ ಅದು ಹೆಚ್ಚು ಮೋಸಗಾರ ರೋಗ.

ಮೂಳೆ ಎಂದರೆ ಕಲ್ಲಲ್ಲ, ಜೀವವಿರುವ ವಸ್ತು. ದೇಹವು ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುವ ಕೆಲಸವನ್ನು ಜೀವನಪರ್ಯಂತ ನಡೆಸುತ್ತಿರುತ್ತದೆ. ಕಟ್ಟುವುದಕ್ಕಿಂತ ಕರಗುವುದು ಹೆಚ್ಚಾದರೆ ಮೂಳೆಯ ಸಾಂದ್ರತೆ, ಅಂದರೆ ಅದರೊಳಗಿನ ಸುಣ್ಣಾಂಶದ ಭರ್ತಿ, ಕಡಿಮೆಯಾಗುತ್ತದೆ. ಸುಮಾರು ಮೂವತ್ತನೆಯ ವಯಸ್ಸಿನವರೆಗೆ ದೇಹ ಈ ಭರ್ತಿಯನ್ನು ಕೂಡಿಹಾಕುತ್ತದೆ. ಅನಂತರ ಕೂಡಿಹಾಕಿದ್ದನ್ನು ಕಾಪಾಡಿಕೊಳ್ಳುವುದೇ ಮುಖ್ಯವಾಗುತ್ತದೆ.

"ಹೆರಿಗೆಗೊಂದು ಹಲ್ಲು" ನಿಜವೇ?

ನಿಜವಲ್ಲ. ದೇಹದ ಸುಣ್ಣಾಂಶದಲ್ಲಿ ನೂರಕ್ಕೆ 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲಿದೆ. ಇವುಗಳಲ್ಲಿ ಮೂಳೆ ಮಾತ್ರ ಮನೆಯ ಕಣಜದಂತೆ. ಬೇಕಾದಾಗ ತೆಗೆದು ಬಳಸಬಹುದು, ಮತ್ತೆ ತುಂಬಬಹುದು. ಹಲ್ಲಿನಿಂದ ಸುಣ್ಣಾಂಶವನ್ನು ಹಿಂದೆಗೆದುಕೊಳ್ಳುವ ದಾರಿ ದೇಹಕ್ಕಿಲ್ಲ. ಆದುದರಿಂದ ಹೊಟ್ಟೆಯಲ್ಲಿರುವ ಮಗು ತಾಯಿಯ ಹಲ್ಲನ್ನು ತಿನ್ನುವುದಿಲ್ಲ.

ಹಾಗಾದರೆ ಬಸುರಿಯ ಹಲ್ಲು ಸಡಿಲವಾಗುವುದೇಕೆ? ಗರ್ಭಿಣಿಯ ದೇಹದ ಚೋದಕ ರಸಗಳ ಬದಲಾವಣೆಯಿಂದ ವಸಡುಗಳು ಮೃದುವಾಗಿ ಉಬ್ಬುತ್ತವೆ. ಹಲ್ಲಿನ ಬುಡದಲ್ಲಿ ಕೊಳೆ ಉಳಿದಿದ್ದರೆ ಅವು ಬೇಗನೆ ಕೆಂಪಾಗಿ ರಕ್ತ ಸುರಿಸುತ್ತವೆ. ರಕ್ತ ಕಂಡ ತಾಯಿ ಹೆದರಿ ಹಲ್ಲುಜ್ಜುವುದನ್ನೇ ಬಿಡುತ್ತಾರೆ. ವಾಂತಿ, ಓಕರಿಕೆಗಳೂ ಸೇರಿದರೆ ಬಾಯಿಯ ಸ್ವಚ್ಛತೆ ಇನ್ನೂ ಕೆಡುತ್ತದೆ. ಹೆರಿಗೆಯಾದ ಮೇಲೆ ಬಾಣಂತಿಯ ಬಾಯಿಯನ್ನು ನೋಡುವವರು ಯಾರೂ ಇರುವುದಿಲ್ಲ. ಹೀಗೆ ಹೆರಿಗೆಯಿಂದ ಹೆರಿಗೆಗೆ ಮುಂದುವರಿದ ವಸಡಿನ ರೋಗವೇ ಮೂಳೆಯನ್ನು ಕರಗಿಸಿ ಹಲ್ಲನ್ನು ಬೀಳಿಸುತ್ತದೆ. ಹಲ್ಲು ಹೋಗುವುದು ಮಗುವಿನಿಂದಲ್ಲ, ಅಲಕ್ಷ್ಯದಿಂದ.

ಗರ್ಭಿಣಿಯರಿಗೆ ಹಲ್ಲಿನ ಚಿಕಿತ್ಸೆ ಮಾಡಿಸಬಾರದೆಂಬ ಭಯವೂ ಬೇಡ. ನಾಲ್ಕರಿಂದ ಆರನೆಯ ತಿಂಗಳ ಅವಧಿ ಇದಕ್ಕೆ ಹೆಚ್ಚು ಅನುಕೂಲಕರ. ತುರ್ತಿದ್ದರೆ ಯಾವ ತಿಂಗಳಾದರೂ ವೈದ್ಯರಲ್ಲಿಗೆ ಹೋಗಬಹುದು. ಗರ್ಭಿಣಿಯೆಂಬುದನ್ನು ಮಾತ್ರ ಮೊದಲೇ ತಿಳಿಸಬೇಕು.

ದವಡೆಯ ಮೂಳೆಯನ್ನು ಕೆಡಿಸುವ ಕಾರಣಗಳು

1. ವಸಡಿನ ರೋಗ: ಇದೇ ಪ್ರಮುಖ ಶತ್ರು. ಹಲ್ಲಿನ ಬುಡದಲ್ಲಿ ಉಳಿದ ಕೊಳೆ ಗಟ್ಟಿಯಾಗಿ ಕಿಟ್ಟ ಕಟ್ಟುತ್ತದೆ. ಅದರಲ್ಲಿನ ರೋಗಾಣುಗಳ ವಿರುದ್ಧ ದೇಹ ಹೋರಾಡುವಾಗ ಸುತ್ತಲಿನ ಮೂಳೆಯೂ ಕರಗುತ್ತದೆ. ಇಡೀ ದೇಹದ ಮೂಳೆಗಳು ದುರ್ಬಲವಾಗಿದ್ದ ಮಾತ್ರಕ್ಕೆ ಹಲ್ಲು ಉದುರುವುದಿಲ್ಲ. ಆದರೆ ದುರ್ಬಲ ಮೂಳೆಗೆ ವಸಡಿನ ರೋಗವೂ ಕೂಡಿದರೆ ಹಾನಿಯ ವೇಗ ಹೆಚ್ಚುತ್ತದೆ.

2. ಹೊಗೆಸೊಪ್ಪು, ಬೀಡಿ, ಗುಟ್ಕಾ: ಹೊಗೆಸೊಪ್ಪಿನ ಉಂಡೆಯನ್ನು ಒತ್ತಿಡುವ ಜಾಗದಲ್ಲಿ ವಸಡು ಕೆಳಗೆ ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೀಡಿ ಸೇದುವವರ ವಸಡಿಗೆ ರಕ್ತದ ಹರಿವು ಕಡಿಮೆಯಾಗುವುದರಿಂದ ರೋಗವಿದ್ದರೂ ರಕ್ತ ಬಾರದೆ ರೋಗವೇ ಮರೆಯಾಗಿ ಉಳಿಯುತ್ತದೆ. ಇವೆಲ್ಲಕ್ಕೂ ಮಿಗಿಲಾದದ್ದು ಬಾಯಿಯ ಕ್ಯಾನ್ಸರಿನ ಅಪಾಯ. ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕುವ ಅಭ್ಯಾಸ ಹೆಂಗಸರಲ್ಲಿಯೂ ಉಂಟು. ಹೊಗೆಸೊಪ್ಪಿಲ್ಲದ ಅಡಿಕೆಯೂ ನಿರಪಾಯವಲ್ಲ.

3. ಸಕ್ಕರೆ ಕಾಯಿಲೆ: ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ವಸಡಿನ ರೋಗ ಬಲಿಯುತ್ತದೆ, ವಸಡಿನ ರೋಗ ಬಲಿತರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಹಲವು ಹಲ್ಲುಗಳು ಒಮ್ಮೆಲೇ ಸಡಿಲವಾದರೆ ರಕ್ತಪರೀಕ್ಷೆ ಮಾಡಿಸಿ.

4. ಮುಟ್ಟು ನಿಲ್ಲುವುದು: ಅಂಡಾಶಯದ ಈಸ್ಟ್ರೊಜನ್ ರಸವು ಮೂಳೆಗೆ ಕಾವಲುಗಾರ. ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುತ್ತದೆ. ಎಳೆಯ ವಯಸ್ಸಿನಲ್ಲೇ ಗರ್ಭಕೋಶದೊಡನೆ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಿಗೆ ಈ ನಷ್ಟ ಬೇಗನೆ ಆರಂಭವಾಗುತ್ತದೆ. ಆದುದರಿಂದ ಅಂತಹ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಅದರ ಅಗತ್ಯವೇನೆಂದು ವೈದ್ಯರನ್ನು ಕೇಳಿ ತಿಳಿಯುವುದು ನಿಮ್ಮ ಹಕ್ಕು.

5. ಹಲ್ಲು ಕಿತ್ತ ಜಾಗ: ಹಲ್ಲಿಗಾಗಿಯೇ ಇರುವ ಮೂಳೆಯ ಗೂಡು, ಹಲ್ಲು ಹೋದ ಮೇಲೆ ಕುಗ್ಗುತ್ತದೆ, ಮೊದಲ ವರ್ಷದಲ್ಲಿಯೇ ಕುಗ್ಗುವುದು ಹೆಚ್ಚು. ಅನೇಕ ವರ್ಷಗಳ ಹಿಂದೆ ಹಲ್ಲು ಕಳೆದುಕೊಂಡ ವೃದ್ಧರಿಗೆ ಕಟ್ಟಿಸಿದ ಹಲ್ಲುಪಂಕ್ತಿ ಸಡಿಲವಾಗಿ ಜಾರುವುದು ಇದರಿಂದಲೇ. ಉಳಿಸಬಹುದಾದ ಹಲ್ಲನ್ನು ನೋವಿನ ಆತುರದಲ್ಲಿ ಕೀಳಿಸಬಾರದು.

6. ಫ್ಲೋರೈಡ್ ನೀರು: ಸಾಂದ್ರತೆ ಹೆಚ್ಚಿದಷ್ಟೂ ಮೂಳೆ ಗಟ್ಟಿ ಎಂದು ಭಾವಿಸಬಾರದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಗದಗ, ರಾಯಚೂರು ಮೊದಲಾದ ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಅಂತಹ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆಯಲ್ಲಿ ಸಾಂದ್ರತೆ ಹೆಚ್ಚಿದರೂ ಶಕ್ತಿ ಹೆಚ್ಚುವುದಿಲ್ಲ, ಕೀಲುಗಳು ಬಿಗಿಯುತ್ತವೆ. ಮಕ್ಕಳ ಹಲ್ಲಿನಲ್ಲಿ ಕಂದು ಕಲೆಗಳು ಮೂಡುತ್ತವೆ. ಒಂದು ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ನೀರು ಸಿಗದ ಕಡೆಯೂ 1.5 ಮಿಲಿಗ್ರಾಂ ಮೀರಬಾರದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ನೀರನ್ನೋ ಶೇಖರಿಸಿದ ಮಳೆನೀರನ್ನೋ ಕುಡಿಯಲು, ಅಡುಗೆಗೆ ಬಳಸಿರಿ.

ಹೆರಿಗೆಗಳ ಅಂತರ ಮತ್ತು ಮೂಳೆ

ಎದೆಹಾಲುಣಿಸುವ ತಾಯಿಯ ಮೂಳೆಯಿಂದ ಸುಣ್ಣಾಂಶ ಹಾಲಿಗೆ ಹೋಗುತ್ತದೆ. ಆರು ತಿಂಗಳಲ್ಲಿ ಕಣಜ ನೂರಕ್ಕೆ ಮೂರರಿಂದ ಐದು ಭಾಗದಷ್ಟು ಬರಿದಾಗಬಹುದು. ಇದಕ್ಕೆ ಹೆದರಿ ಎದೆಹಾಲನ್ನು ನಿಲ್ಲಿಸಬಾರದು. ಹಾಲು ಬಿಡಿಸಿದ ಮೇಲೆ ದೇಹವು ಈ ನಷ್ಟವನ್ನು ತಾನಾಗಿಯೇ ತುಂಬಿಕೊಳ್ಳುತ್ತದೆ. ಆದರೆ ತುಂಬಿಕೊಳ್ಳಲು ಕಾಲಾವಕಾಶ ಬೇಕು, ಆಹಾರ ಬೇಕು, ವಸಡಿಗೆ ಚಿಕಿತ್ಸೆ ಪಡೆಯುವಷ್ಟು ಬಿಡುವೂ ಬೇಕು. ಒಂದು ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷ ಕಳೆದು ಮುಂದಿನ ಗರ್ಭ ಧರಿಸಬೇಕೆಂದು ಹೇಳುವುದಕ್ಕೆ ಇರುವ ಹಲವು ಕಾರಣಗಳ ಜೊತೆಗೆ ಇದನ್ನೂ ಸೇರಿಸಿಕೊಳ್ಳಿ.

ಅಂತರ ಕಾಯ್ದುಕೊಳ್ಳಲು ಬಳಸುವ ವಿಧಾನಗಳಲ್ಲಿ ವಂಕಿ, ನಿರೋಧ್ ಇವು ಮೂಳೆಗೆ ಹಾನಿ ಮಾಡುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಹೆಂಗಸರ ಅಂಡಾಶಯವನ್ನಾಗಲಿ ಗಂಡಸರ ವೃಷಣವನ್ನಾಗಲಿ ತೆಗೆಯುವುದಿಲ್ಲವಾದ್ದರಿಂದ ಅದರಿಂದಲೂ ಮೂಳೆ ಸವೆಯದು. ಮೂರು ತಿಂಗಳಿಗೊಮ್ಮೆ ಹಾಕಿಸುವ 'ಅಂತರಾ' ಚುಚ್ಚುಮದ್ದು ಬಳಸುತ್ತಿರುವಾಗ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯುವುದುಂಟು. ನಿಲ್ಲಿಸಿದ ಮೇಲೆ ಅದು ಬಹುಮಟ್ಟಿಗೆ ಮರಳಿ ಬರುತ್ತದೆ. ಆದುದರಿಂದ ಗಾಬರಿಯಿಂದ ಅರ್ಧದಲ್ಲಿ ಬಿಟ್ಟು ಬೇಡದ ಗರ್ಭಕ್ಕೆ ಎಡೆಮಾಡಿಕೊಡಬೇಡಿ. ಸುಣ್ಣಾಂಶದ ಆಹಾರವನ್ನು ಹೆಚ್ಚಿಸಿ. ಸಂದೇಹವಿದ್ದರೆ ವೈದ್ಯಾಧಿಕಾರಿಯನ್ನು ಕೇಳಿ.

ಆಹಾರ, ಬಿಸಿಲು, ಮಾತ್ರೆ

ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಹಾಲುಣಿಸುವ ತಾಯಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಇದಕ್ಕೆ ಪೇಟೆಯ ಡಬ್ಬಿಗಳ ಅವಶ್ಯಕತೆಯಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ; ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಮಾತ್ರ. ದಂಟಿನ ಸೊಪ್ಪು, ನುಗ್ಗೆಸೊಪ್ಪುಗಳ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240. ಎಳ್ಳು ಎಲ್ಲಕ್ಕಿಂತ ಮುಂದೆ. ಒಂದು ಚಮಚ ಎಳ್ಳಿನ ಪುಡಿಯೂ ವ್ಯರ್ಥವಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದರ ಸುಣ್ಣಾಂಶ ದೇಹಕ್ಕೆ ಇನ್ನೂ ಚೆನ್ನಾಗಿ ಒದಗುತ್ತದೆ. ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯ ಬಸುರಿಗೆ ಕರಿ ಚಹಾ ಕೊಡುವ ಲೆಕ್ಕ ಲಾಭದ್ದಲ್ಲ.

ತಿಂದ ಸುಣ್ಣಾಂಶ ಮೈಗೆ ಹತ್ತಲು 'ಡಿ' ಜೀವಸತ್ವ ಬೇಕು. ಅದು ಚರ್ಮಕ್ಕೆ ಬಿಸಿಲು ತಾಗಿದಾಗ ತಯಾರಾಗುತ್ತದೆ. ತಿಂಗಳುಗಟ್ಟಲೆ ಕತ್ತಲ ಕೋಣೆಯಲ್ಲಿರುವ ಬಾಣಂತಿಗೆ ದಿನಕ್ಕೆ ಸ್ವಲ್ಪ ಹೊತ್ತು ಅಂಗಳದ ಬಿಸಿಲು ದೊರೆಯಲಿ.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಕೊಡುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ಹೆರಿಗೆಯವರೆಗೂ, ಹೆರಿಗೆಯ ನಂತರ ಆರು ತಿಂಗಳೂ, ದಿನಕ್ಕೆ ಎರಡರಂತೆ ಊಟದೊಡನೆ ನುಂಗಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಇದರ ಜೊತೆಗೆ ನುಂಗಬಾರದು. ಎರಡು ಗಂಟೆಯ ಅಂತರವಿರಲಿ.

ಬಾಯಿಯ ನಿತ್ಯ ಪಾಲನೆ

ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಮೃದುವಾದ ಬ್ರಷ್ಷಿನಿಂದ, ಫ್ಲೋರೈಡ್ ಇರುವ ಪೇಸ್ಟನ್ನು ಸ್ವಲ್ಪವೇ ಹಚ್ಚಿ ಹಲ್ಲುಜ್ಜಿರಿ. ಪೇಸ್ಟನ್ನು ನುಂಗದೆ ಉಗುಳಿರಿ. ಇದ್ದಿಲು, ಇಟ್ಟಿಗೆ ಪುಡಿ, ಮರಳು ಬೇಡ; ಇವು ಹಲ್ಲನ್ನು ಸವೆಸಿ ವಸಡನ್ನು ಗೀಚುತ್ತವೆ. ಉಜ್ಜುವಾಗ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಡಿ; ಅದು ವಸಡಿನಲ್ಲಿ ರೋಗವಿದೆಯೆಂಬ ಸೂಚನೆ. ಕಟ್ಟಿಕೊಂಡ ಕಿಟ್ಟ ಬ್ರಷ್ಷಿಗೆ ಬಗ್ಗುವುದಿಲ್ಲ, ದಂತವೈದ್ಯರಿಂದಲೇ ತೆಗೆಸಬೇಕು. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಮೊದಲೇ ಸಡಿಲವಾಗಿದ್ದ ಹಲ್ಲನ್ನು ಕಿಟ್ಟವು ಮರೆಮಾಚಿತ್ತು, ಅಷ್ಟೆ.

ಮನೆಯ ಹಿರಿಯರು ಮೂಳೆ ಸವೆತಕ್ಕೆಂದು ವಾರಕ್ಕೊಮ್ಮೆ ಅಲೆಂಡ್ರೊನೇಟ್ ಮಾತ್ರೆ ನುಂಗುತ್ತಿದ್ದರೆ, ಅಥವಾ ವರ್ಷಕ್ಕೊಮ್ಮೆ ಜೋಲೆಡ್ರಾನಿಕ್ ಆಮ್ಲದ ಚುಚ್ಚುಮದ್ದು ಪಡೆಯುತ್ತಿದ್ದರೆ, ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ತಪ್ಪದೆ ತಿಳಿಸಿ. ಅಪರೂಪವಾಗಿ ಕಿತ್ತ ಜಾಗದ ಮೂಳೆ ಮಾಯದೆ ಉಳಿಯುವುದುಂಟು.

ನೆನಪಿನಲ್ಲಿಡಿ

1. ವಸಡಿನಲ್ಲಿ ರಕ್ತ, ಕೀವು, ಬಾಯಿಯ ದುರ್ವಾಸನೆ, ಹಲ್ಲು ಉದ್ದವಾದಂತೆ ಕಾಣುವುದು, ಹಲ್ಲುಗಳ ನಡುವೆ ಹೊಸ ಸಂದು, ಅಲುಗಾಟ: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಪರೀಕ್ಷೆ ಮಾಡಿಸಿ.
2. ಗರ್ಭ ನಿಂತಿತೆಂದು ತಿಳಿದೊಡನೆ ತಾಯಿ ಕಾರ್ಡಿನ ತಪಾಸಣೆಯ ಜೊತೆಗೆ ಒಮ್ಮೆ ಬಾಯಿಯನ್ನೂ ತೋರಿಸಿ.
3. ಮಾತ್ರೆಯು ವಸಡಿನ ಚಿಕಿತ್ಸೆಗೆ ಬದಲಿಯಲ್ಲ. ವಸಡಿನ ಚಿಕಿತ್ಸೆಯು ಆಹಾರಕ್ಕೆ ಬದಲಿಯಲ್ಲ. ಎರಡೂ ಬೇಕು.
4. ಹೊಗೆಸೊಪ್ಪು, ಬೀಡಿ, ಗುಟ್ಕಾಗಳನ್ನು ಗಂಡಹೆಂಡಿರಿಬ್ಬರೂ ಬಿಡಿ.

ಮೊದಲು ಹೇಳಿದ ತಾಯಿಯ ವಸಡಿಗೆ ಚಿಕಿತ್ಸೆಯಾಯಿತು. ಉಳಿದ ಹಲ್ಲುಗಳು ನಿಂತವು. ಆದರೆ ಕರಗಿದ ಮೂಳೆ ಮತ್ತೆ ಬೆಳೆಯಲಿಲ್ಲ. ಸಾಮಾನ್ಯವಾಗಿ ಅದು ತಾನಾಗಿ ಬೆಳೆಯುವುದೂ ಇಲ್ಲ. ಅವರ ಪತಿ ಮುಂದಿನ ಸಲ ಬಂದಾಗ ತಮ್ಮ ಬಾಯಿಯನ್ನೂ ನೋಡಿರೆಂದು ತಾವಾಗಿಯೇ ಕೇಳಿದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಮಕ್ಕಳು ಬೆಳೆದು ದುಡಿದು ತಂದ ಕಡಲೆಯನ್ನು ನೀವಿಬ್ಬರೂ ಜೊತೆಗೆ ಕುಳಿತು ಅಗಿಯುವಂತಾಗಬೇಕಾದರೆ, ಇಂದು ರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಒಬ್ಬರ ವಸಡನ್ನು ಇನ್ನೊಬ್ಬರು ನೋಡಿರಿ.