ನಾಯಿ ತರುವ ಮೊದಲು ಉಣುಗೋಲು ನೋಡು

ಮಗಾ,

ಎರಡು ರಾಟ್‌ವೀಲರ್ ಮರಿ ತರ್ತೀನಿ ಚಿಕ್ಕಪ್ಪ, ಕಾಫಿ ಕಣಕ್ಕೂ ಕಾವಲಾಯ್ತು, ಹೋಮ್‌ಸ್ಟೇಗೂ ಒಂದು ಗತ್ತು ಬಂತು ಅಂದೆಯಲ್ಲ, ಆ ವಿಷಯ ಫೋನಿನಲ್ಲಿ ಮಾತಾಡಿ ಮುಗಿಸುವಂಥದ್ದಲ್ಲ ಅನ್ನಿಸಿ ಬರೆಯುತ್ತಿದ್ದೇನೆ. ನಾಯಿ ಬೇಡ ಅನ್ನಲು ಅಲ್ಲ. ನಾಯಿಯಿಲ್ಲದ ತೋಟದ ಮನೆ ನಮ್ಮ ಸಕಲೇಶಪುರ, ಆಲೂರಿನ ಕಡೆ ಹುಡುಕಿದರೂ ಸಿಗುವುದು ಕಷ್ಟ. ಕಾಫಿಗೂ ಮೆಣಸಿಗೂ ಬೆಲೆ ಬಂದ ಮೇಲೆ ಕಳ್ಳರ ಭಯ ಹೆಚ್ಚಾಗಿರುವುದೂ ನಿಜ. ಆದರೆ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದೆ. "ಆ ಡೇಂಜರ್ ನಾಯಿಗಳ ಪಟ್ಟಿಯನ್ನ ಹೈಕೋರ್ಟೇ ರದ್ದು ಮಾಡಿದೆ, ಈಗ ಯಾವ ರೂಲ್ಸೂ ಇಲ್ಲ." ಅದು ಅರ್ಧ ಸರಿ. ಇನ್ನರ್ಧ ತಿಳಿದುಕೊಳ್ಳದೆ ಮರಿ ತರಬೇಡ.

ಪಟ್ಟಿ ಬಂದದ್ದು 2024ರ ಮಾರ್ಚ್ 12ರಂದು. ಕೇಂದ್ರದ ಪಶುಸಂಗೋಪನೆ ಇಲಾಖೆ ಎಲ್ಲ ರಾಜ್ಯಗಳಿಗೂ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಮ್ಯಾಸ್ಟಿಫ್, ಡೋಗೊ ಅರ್ಜೆಂಟಿನೊ, ಕೇನ್ ಕೊರ್ಸೊ ಹೀಗೆ 23 ಬಗೆಯ ನಾಯಿಗಳು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿ, ಅವುಗಳ ಆಮದು, ಮಾರಾಟ, ತಳಿ ಬೆಳೆಸುವುದು ಎಲ್ಲ ನಿಲ್ಲಬೇಕು, ಸ್ಥಳೀಯ ಸಂಸ್ಥೆಗಳು ಅವನ್ನು ಸಾಕಲು ಲೈಸೆನ್ಸ್ ಕೊಡಬಾರದು, ಈಗಾಗಲೇ ಸಾಕಿಕೊಂಡವರು ಮರಿ ಹಾಕದಂತೆ ಆಪರೇಷನ್ ಮಾಡಿಸಬೇಕು ಎಂದು ಅದರಲ್ಲಿತ್ತು. ಬೆಂಗಳೂರಿನಲ್ಲಿ ನಾಯಿ ಸಾಕಿದವರು ಹೈಕೋರ್ಟಿಗೆ ಹೋದರು. ವಾರದೊಳಗೆ ತಡೆಯಾಜ್ಞೆ ಬಂತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸುತ್ತೋಲೆಯನ್ನೇ ರದ್ದುಪಡಿಸಿದರು. ಸಂಬಂಧಪಟ್ಟವರ ಮಾತು ಕೇಳದೆ ಇಂಥ ನಿಷೇಧ ಹೇರಿದ್ದು ಸರಿಯಲ್ಲ ಎನ್ನುವುದು ಮುಖ್ಯ ಕಾರಣ. ಎಲ್ಲರನ್ನೂ ಕೇಳಿ, ಕ್ರಮಪ್ರಕಾರ ಮತ್ತೆ ನಿಯಮ ತರಲು ಸರ್ಕಾರಕ್ಕೆ ದಾರಿ ತೆರೆದೇ ಇದೆ.

ನನ್ನ ಪ್ರಕಾರ ಆ ತೀರ್ಪಿನಿಂದ ನಿನ್ನ ಹೊಣೆ ಹಗುರವಾಗಲಿಲ್ಲ, ಇನ್ನಷ್ಟು ಭಾರವಾಯಿತು. ತಳಿಯ ಹೆಸರಿಗೆ ಹೋಗುತ್ತಿದ್ದ ದೂರು ಈಗ ಸೀದಾ ಚೈನು ಹಿಡಿದವನ ಹೆಸರಿಗೆ ಬರುತ್ತದೆ. ಹಿಂದೆ ಐಪಿಸಿಯಲ್ಲಿ 289 ಅಂತಿದ್ದ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 291 ಆಗಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಬೇರೆಯವರ ಜೀವಕ್ಕೆ ಅಪಾಯ ಅಥವಾ ದೊಡ್ಡ ಗಾಯ ಆಗಬಹುದೆಂದಿರುವಾಗ, ಗೊತ್ತಿದ್ದೋ ನಿರ್ಲಕ್ಷ್ಯದಿಂದಲೋ ತಕ್ಕ ಎಚ್ಚರಿಕೆ ವಹಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಾದರೂ ಸತ್ತರೆ ಮಾತು ಇಲ್ಲಿಗೇ ನಿಲ್ಲುವುದಿಲ್ಲ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಕೇಸೂ ಬೀಳಬಹುದು. ಈ ಸೆಕ್ಷನ್ನಿನಲ್ಲಿ ಯಾವ ತಳಿಯ ಹೆಸರೂ ಇಲ್ಲ. ರಾಟ್‌ವೀಲರ್ ಕಚ್ಚಿದರೂ ಅದೇ, ನಮ್ಮ ಮನೆಯ ಕಂತ್ರಿ ನಾಯಿ ಕಚ್ಚಿದರೂ ಅದೇ.

ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಅಂತ ಬೋರ್ಡು ಹಾಕಿದರೆ ಆಯಿತು ಅಂದುಕೊಂಡಿರಬೇಡ. ಬೋರ್ಡು ಹಾಕು, ಬೇಡ ಅನ್ನುವುದಿಲ್ಲ. ಆದರೆ ನಾಳೆ ಯಾರಿಗಾದರೂ ಕಚ್ಚಿದಾಗ, ಈ ನಾಯಿ ಅಪಾಯ ಅಂತ ನಿನಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಆ ಬೋರ್ಡೇ ಸಾಕ್ಷಿಯಾಗಬಹುದು. ಅದೂ ಅಲ್ಲದೆ ನಮ್ಮ ತೋಟದ ಕೆಲಸದವರ ಲೈನಿನಲ್ಲಿರುವ ಅಸ್ಸಾಮಿನ ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ.

ಇಲ್ಲಿಗೇ ನನ್ನ ನಿಜವಾದ ಚಿಂತೆ ಬಂತು. ಬೆಂಗಳೂರಿನಲ್ಲಿ ಇಂಥ ನಾಯಿ ಸಾಕುವವನಿಗೆ ಕಾಂಪೌಂಡ್ ಇರುತ್ತದೆ, ಗೇಟು ಇರುತ್ತದೆ, ಹೊರಗೆ ಕರೆದುಕೊಂಡು ಹೋದರೆ ಚೈನು ಕೈಯಲ್ಲಿರುತ್ತದೆ. ನಮ್ಮ ತೋಟಕ್ಕೆ ಎಲ್ಲಿದೆ ಕಾಂಪೌಂಡು? ಕೆಳಗಿನ ಹಾದಿಯಲ್ಲಿ ಒಂದು ಉಣುಗೋಲು, ಮೇಲ್ಗಡೆ ಆನೆ ತುಳಿದು ಮಲಗಿಸಿದ ತಂತಿಬೇಲಿ, ಅಷ್ಟೆ. ಮನೆಯ ಅಂಗಳ ದಾಟಿಯೇ ಪಕ್ಕದ ಊರಿನವರು ಬಸ್ಸಿಗೆ ಹೋಗುತ್ತಾರೆ. ಆ ಕಾಲುದಾರಿ ನಿನ್ನ ಅಜ್ಜನ ಕಾಲಕ್ಕಿಂತ ಹಳೆಯದು. ಪೋಸ್ಟಿನವನು, ಹಾಲು ಡೈರಿಗೆ ಹೋಗುವವರು, ಮೀಟರ್ ನೋಡುವವನು, ಆಶಾ ಕಾರ್ಯಕರ್ತೆ, ಶಾಲೆಯ ಮಕ್ಕಳು ಯಾರೂ ನಿನ್ನ ಅಪ್ಪಣೆ ಕೇಳಿಕೊಂಡು ಬರುವುದಿಲ್ಲ. ಕೇಳಬೇಕಾಗಿಯೂ ಇಲ್ಲ.

ಕೆಲಸದವರ ವಿಷಯ ಇನ್ನೂ ಸೂಕ್ಷ್ಮ. ಮಳೆಗಾಲದ ಬೆಳಿಗ್ಗೆ ಅವರು ಸಾಲಾಗಿ ಇಳಿದು ಬರುವುದನ್ನು ಒಮ್ಮೆ ನಾಯಿಯ ಕಣ್ಣಿನಿಂದ ನೋಡು. ನಿನ್ನೆ ಬಿಸಿಲಿನಲ್ಲಿ ಸೀರೆಯ ಮೇಲೆ ಶರ್ಟು ತೊಟ್ಟು ಬಂದಿದ್ದ ಹೆಂಗಸು ಇವತ್ತು ತಲೆಯಿಂದ ಮೊಣಕಾಲಿನವರೆಗೆ ನೀಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡಿದ್ದಾಳೆ. ಮುಖ ಕಾಣುವುದಿಲ್ಲ. ನಡೆದರೆ ಕೊಪ್ಪೆ ಪರಪರ ಸದ್ದು ಮಾಡುತ್ತದೆ. ಮಳೆಗೆ ಮೈವಾಸನೆಯೂ ನಾಯಿಯ ಮೂಗಿಗೆ ಸರಿಯಾಗಿ ಸಿಗುವುದಿಲ್ಲ. ಕೈಯಲ್ಲಿ ಕತ್ತಿ ಬೇರೆ. ದಿನಾ ಬಾಲ ಅಲ್ಲಾಡಿಸುತ್ತಿದ್ದ ನಾಯಿ ಅವಳನ್ನು ಕಂಡು ಗುರುಗುಡುವುದು, ಮುನ್ನುಗ್ಗುವುದು ಈ ಹೊತ್ತಿನಲ್ಲೇ. ಸಣ್ಣ ನಾಯಿಯಾದರೆ ಕೊಪ್ಪೆ ಹರಿದೀತು, ಕಾಲಿಗೆ ಹಲ್ಲು ತಾಗೀತು. ಐವತ್ತು ಕೆಜಿ ತೂಗುವ ನಾಯಿ ಹಾರಿದರೆ ಅವಳು ಬಿದ್ದೇ ಬೀಳುತ್ತಾಳೆ, ಬಿದ್ದವಳ ಕುತ್ತಿಗೆ ನಾಯಿಯ ಬಾಯಿಯ ಮಟ್ಟಕ್ಕೇ ಬರುತ್ತದೆ. ತಳಿಯ ವಿಷಯದಲ್ಲಿ ನಾನು ಒಪ್ಪುವ ಮಾತು ಇದೊಂದೇ. ದೊಡ್ಡ ದವಡೆಯ ನಾಯಿ ಹೆಚ್ಚು ಸಲ ಕಚ್ಚುತ್ತದೆ ಅಂತಲ್ಲ, ಅದು ಒಂದೇ ಸಲ ಕಚ್ಚಿದರೂ ಪ್ರಾಣ ಹೋಗಬಹುದು.

ಹಾಗಾಗಿ ಮರಿ ತಂದ ಮೊದಲ ವಾರದಿಂದಲೇ ಮೇಸ್ತ್ರಿ, ರೈಟರು, ಲೈನಿನ ಮಕ್ಕಳು ಎಲ್ಲರ ಕೈಯಿಂದಲೂ ಅದಕ್ಕೊಂದು ತುತ್ತು ಹಾಕಿಸು. ಕೊಪ್ಪೆ ಹಾಕಿದವರು, ಛತ್ರಿ ಹಿಡಿದವರು, ತಲೆಯ ಮೇಲೆ ಹಣ್ಣಿನ ಚೀಲ ಹೊತ್ತವರು, ಹೆಲ್ಮೆಟ್ಟಿನವರು, ಎಲ್ಲ ರೂಪದ ಮನುಷ್ಯರನ್ನೂ ಅದು ಸಣ್ಣದರಲ್ಲೇ ನೋಡಿರಲಿ. "ಕಾವಲು ನಾಯಿಗೆ ಯಾರೂ ಸಲುಗೆ ಕೊಡಬಾರದು, ಆಗಲೇ ಖಡಕ್ಕಾಗಿ ಬೆಳೆಯೋದು" ಅಂತ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮಾತು ಕೇಳಬೇಡ. ಕಳ್ಳನಿಗೆ ಬೊಗಳುವ ಶಬ್ದವೇ ಸಾಕು. ಕೆಲಸ ಶುರುವಾಗುವ ಮೊದಲು ಗೂಡಿಗೆ ಹಾಕು, ಎಲ್ಲರೂ ಲೈನಿಗೆ ಮರಳಿದ ಮೇಲೆ ತೆಗೆ. ಗೂಡಿನ ಚಿಲಕ ಹಾಕುವ ಕೆಲಸ ಒಬ್ಬರದೇ ಆಗಿರಲಿ. ಇಬ್ಬರಿಗೆ ವಹಿಸಿದರೆ ಅವನು ಹಾಕಿರಬೇಕು ಅಂತ ಇವನು, ಇವನು ಹಾಕಿರಬೇಕು ಅಂತ ಅವನು ಸುಮ್ಮನಿರುತ್ತಾನೆ.

ಹೋಮ್‌ಸ್ಟೇ ಅಂದೆ. ಬರುವವರು ಸಿಟಿಯವರು, ನಾಯಿ ಕಂಡರೆ ಮಕ್ಕಳು ಓಡಿ ಹೋಗಿ ತಬ್ಬಿಕೊಳ್ಳುತ್ತವೆ. ರಾತ್ರಿ ಕ್ಯಾಂಪ್‌ಫೈರ್ ಮುಗಿಸಿ ಟಾರ್ಚ್ ಹಿಡಿದು ಅತ್ತಿತ್ತ ಓಡಾಡುತ್ತಾರೆ. ಅತಿಥಿಗಳಿರುವ ದಿನ ದೊಡ್ಡ ನಾಯಿ ಅಂಗಳಕ್ಕೆ ಬರಬಾರದು, ಬಂದರೂ ಚೈನು ಮತ್ತು ಬಾಯಿಕುಕ್ಕೆ ಇರಬೇಕು. ಸಾಧು ನಾಯಿ, ಏನೂ ಮಾಡಲ್ಲ ಅಂತ ಅವರಿಗೆ ನೀನು ಹೇಳುವ ಆ ಮಾತಿದೆಯಲ್ಲ, ಅದನ್ನು ಬಾಯಿಗೆ ತರಲೇಬೇಡ.

ಹಾಗಾದರೆ ಹಗಲೂ ರಾತ್ರಿ ಕಟ್ಟಿಹಾಕ್ತೀನಿ ಅಂದರೆ ಅದೂ ಆಗದು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಷ್ಟು ಹಿಂದೆಯೇ ಬಂದಿದೆ. ಅದರ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟುವುದು ಅಪರಾಧ. ಸದಾ ಕಟ್ಟಿದ ನಾಯಿಯನ್ನು ಓಡಾಡಿಸದೆ ಬಿಡುವುದೂ ಅಪರಾಧ, ಸಾಕಲಾಗದೆ ಎಲ್ಲೋ ಬಿಟ್ಟು ಬರುವುದೂ ಅಪರಾಧ. ದಂಡದ ಮೊತ್ತ ನೋಡಿದರೆ ನಗು ಬರುತ್ತದೆ, ಮೊದಲ ಸಲಕ್ಕೆ ಐವತ್ತು ರೂಪಾಯಿ ದಾಟುವುದಿಲ್ಲ. ಆದರೆ ದಂಡದ ಮಾತು ಬಿಡು, ಸದಾ ಕಟ್ಟಿದ ನಾಯಿಗೆ ಸಿಟ್ಟು ತಲೆಗೇರುತ್ತದೆ, ಚೈನು ಬಿಚ್ಚಿಕೊಂಡ ದಿನ ಮೊದಲು ಸಿಕ್ಕವರ ಮೇಲೆ ಬೀಳುತ್ತದೆ. ಜೊತೆಗೆ ನಮ್ಮ ಕಾಡಿನ ಲೆಕ್ಕವೇ ಬೇರೆ. ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಊಟ. ಬಿಟ್ಟ ನಾಯಿ ಆನೆ ಕಂಡರೆ ಬೊಗಳುತ್ತಾ ಅಟ್ಟಿಸಿಕೊಂಡು ಹೋಗುತ್ತದೆ, ಆನೆ ತಿರುಗಿ ನಿಂತ ಕೂಡಲೇ ಯಜಮಾನನನ್ನು ನಂಬಿ ಮನೆಯ ಕಡೆಗೇ ಓಡಿಬರುತ್ತದೆ, ಹಿಂದೆ ಆನೆಯೂ ಬರುತ್ತದೆ. ಆಲೂರು ತಾಲ್ಲೂಕಿನ ತೋಟಗಳಲ್ಲಿ ಇದು ಯಾರಿಗೂ ಹೊಸತಲ್ಲ. ಅದಕ್ಕೇ ಗೂಡು ಅಂದದ್ದು. ನಾಯಿ ಎದ್ದು ನಾಲ್ಕು ಹೆಜ್ಜೆ ಓಡುವಷ್ಟು ಉದ್ದ, ಗಟ್ಟಿ ಮೆಶ್, ಮೇಲೆ ಶೀಟು, ಕೆಳಗೆ ಸಿಮೆಂಟು, ಹೊರಬಾಗಿಲು ಒಂದು ಒಳಬಾಗಿಲು ಒಂದು. ಮರಿಗೆ ಕೊಡುವ ದುಡ್ಡಿಗಿಂತ ಗೂಡಿಗೆ ಹೆಚ್ಚು ಖರ್ಚಾದೀತು, ಆಗಲಿ.

ಶಿಕಾರಿಯ ಮಾತನ್ನಂತೂ ಎತ್ತಬೇಡ. ಹಂದಿಗೆ ನಾಯಿ ಬಿಡುವ ಹುಚ್ಚು ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನೀನು ಸಿಕ್ಕಿಬೀಳುತ್ತೀಯ. ರಕ್ತದ ರುಚಿ ಕಂಡ ನಾಯಿಯನ್ನು ಮಕ್ಕಳಿರುವ ಲೈನಿನ ಪಕ್ಕ ಸಾಕುವುದಕ್ಕೆ ನಾನಂತೂ ಒಪ್ಪುವುದಿಲ್ಲ.

ಮರಿ ಕೊಳ್ಳುವಾಗಲೂ ಕಣ್ಣು ತೆರೆದಿರಲಿ. ತಳಿ ಬೆಳೆಸಿ ಮಾರುವವರಿಗೆ 2017ರ ನಿಯಮಗಳಿವೆ, ನೋಂದಣಿ ಇರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿಯಿಂದ ಬೇಗ ಬಿಡಿಸಿದ ಮರಿಗೆ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವ ಪಾಠ ಒಡಹುಟ್ಟಿದ ಮರಿಗಳ ಜೊತೆ ಆಡಿ ಕಲಿಯಲು ಸಿಗುವುದೇ ಇಲ್ಲ. ಎರಡೂ ಒಟ್ಟಿಗೆ ತರಬೇಡ, ಒಂದು ತಂದು ಒಂದೂವರೆ ವರ್ಷ ಸಾಕು, ಆಮೇಲೆ ನೋಡೋಣ. ಎರಡು ದೊಡ್ಡ ನಾಯಿ ಜೊತೆಗೂಡಿ ಹೊರಟರೆ ಒಂಟಿ ನಾಯಿಗಿಲ್ಲದ ಧೈರ್ಯ ಬರುತ್ತದೆ, ಆಗ ನೀನು ಕೂಗಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷ. ಪಶು ಆಸ್ಪತ್ರೆಯವರು ಬರೆದುಕೊಟ್ಟ ಕಾರ್ಡು ಕಾಫಿ ಬಿಲ್ಲುಗಳ ಜೊತೆ ಜೋಪಾನವಾಗಿರಲಿ. ನಾಯಿ ಹೊರಗಿನವರಿಗೆ ಕಚ್ಚಿದ ದಿನ ಎಲ್ಲರೂ ಮೊದಲು ಕೇಳುವುದು ಆ ಕಾರ್ಡನ್ನೇ. ನಮ್ಮ ರಾಜ್ಯದಲ್ಲಿ ಮನುಷ್ಯರಿಗೆ ಬರುವ ರೇಬೀಸನ್ನು 2022ರ ಡಿಸೆಂಬರಿನಿಂದ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಅಂತ ಘೋಷಿಸಿದ್ದಾರೆ. ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಯಾರಿಗಾದರೂ ಕಚ್ಚಿದರೆ ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಸು. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಲು ಬಿಡಬೇಡ. ಅವತ್ತೇ ನಿನ್ನ ಜೀಪಿನಲ್ಲೇ ಕೂರಿಸಿಕೊಂಡು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಕರೆದುಕೊಂಡು ಹೋಗು. ಗಾಯ ಆಳವಾಗಿದ್ದರೆ ಗಾಯದ ಸುತ್ತಲೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುತ್ತದೆ, ಅಲ್ಲಿ ಸ್ಟಾಕ್ ಇಲ್ಲ ಅಂದರೆ ಹಾಸನದ ಹಿಮ್ಸ್‌ಗೆ ಹೋಗುವುದಕ್ಕೆ ಹಿಂದೆಮುಂದೆ ನೋಡಬೇಡ. ಲಸಿಕೆ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಸುಮಾರು ಒಂದು ತಿಂಗಳಲ್ಲಿ ನಾಲ್ಕೈದು ಸಲ ಹೋಗಬೇಕು. ಕೂಲಿಯವರು ಎರಡನೇ ಡೋಸಿಗೆ ಬಸ್ಸಿನ ದುಡ್ಡಿಲ್ಲ, ಒಂದು ದಿನದ ಕೂಲಿ ಹೋಗುತ್ತದೆ ಅಂತ ಬಿಟ್ಟುಬಿಡುತ್ತಾರೆ. ಆ ತಾರೀಖುಗಳನ್ನು ರೈಟರ ಹಾಜರಿ ಪುಸ್ತಕದಲ್ಲಿ ಬರೆಸು, ಆ ದಿನಗಳ ಕೂಲಿ ಪೂರ್ತಿ ಕೊಡು, ಆಸ್ಪತ್ರೆಯ ಖರ್ಚು ನಿನ್ನದು. ನಾಯಿಯನ್ನು ಹೊಡೆದು ಕೊಲ್ಲಲು ಬಿಡಬೇಡ, ಹತ್ತು ದಿನ ಗೂಡಿನಲ್ಲಿಟ್ಟು ನೋಡಬೇಕು. ಐನೂರು ರೂಪಾಯಿ ಕೈಗಿಟ್ಟು ಯಾರಿಗೂ ಹೇಳಬೇಡ ಅನ್ನುವ ಸಾಹುಕಾರಿಕೆ ನಮ್ಮ ಮನೆಗೆ ಬೇಡ.

ಇನ್ನು ಪಂಚಾಯಿತಿ. ಸಕಲೇಶಪುರದಲ್ಲಿ ಪುರಸಭೆ, ಆಲೂರಿನಲ್ಲಿ ಪಟ್ಟಣ ಪಂಚಾಯಿತಿ, ನಮಗೆ ಗ್ರಾಮ ಪಂಚಾಯಿತಿ. ನಾಯಿಗೆ ನೋಂದಣಿ ಮಾಡಿಸಿದ್ದೀರಾ ಅಂತ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ. ಬೆಂಗಳೂರಿನಲ್ಲಿ 2018ರಲ್ಲಿ ಬಿಬಿಎಂಪಿಯವರು ಫ್ಲಾಟಿಗೆ ಒಂದು, ಮನೆಗೆ ಮೂರು ನಾಯಿ ಅಂತ ಬೈಲಾ ತರಲು ಹೋಗಿ, ಜನರ ವಿರೋಧ ಕಂಡು ಹಿಂದೆ ಸರಿದರು. ಎಷ್ಟು ನಾಯಿ, ಯಾವ ತಳಿ ಅಂತ ಎಣಿಸುವ ನಿಯಮಗಳ ಗತಿ ಹೆಚ್ಚುಕಡಿಮೆ ಹೀಗೇ. ನೆದರ್ಲೆಂಡ್ಸಿನವರು 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಚ್ಚುವ ಪ್ರಕರಣ ಕಮ್ಮಿಯಾಗಲಿಲ್ಲ ಅಂತ 2008ರಲ್ಲಿ ಕೈಬಿಟ್ಟರು. ಇಂಗ್ಲೆಂಡಿನವರು 1991ರಿಂದ ಪಟ್ಟಿ ಇಟ್ಟುಕೊಂಡು 2024ರ ಫೆಬ್ರವರಿಯಲ್ಲೂ ಎಕ್ಸ್‌ಎಲ್ ಬುಲ್ಲಿಯ ಮೇಲೆ ಹೊಸ ಬಿಗಿ ತಂದರು. ನನಗೆ ಸರಿಕಾಣುವುದು ಬೇರೆ ದಾರಿ: ಯಾವ ತಳಿಯೇ ಆಗಲಿ, ಒಮ್ಮೆ ಮೈಮೇಲೆ ಬಿದ್ದ ನಾಯಿಯನ್ನು ಪಂಚಾಯಿತಿ ಪುಸ್ತಕದಲ್ಲಿ ಬರೆದುಕೊಂಡು, ಅದರ ಯಜಮಾನನಿಗೆ ಗೂಡು, ಬಾಯಿಕುಕ್ಕೆ, ಲಸಿಕೆ ಕಾರ್ಡು ಕಡ್ಡಾಯ ಮಾಡುವುದು. ಅಮೆರಿಕದ ಎಷ್ಟೋ ಊರುಗಳಲ್ಲಿ ಈ ಪದ್ಧತಿಯೇ ಇದೆ.

ಇದನ್ನು ಮೇಲಿನಿಂದ ಯಾರೋ ತರಲಿ ಅಂತ ಕಾಯುವುದು ಬೇಡ. ಮುಂದಿನ ಗ್ರಾಮಸಭೆಗೆ ಪಶು ಆಸ್ಪತ್ರೆಯ ಡಾಕ್ಟರನ್ನೂ ಕರೆಸಿ, ನಮ್ಮ ಪಂಚಾಯಿತಿ ವ್ಯಾಪ್ತಿಯ ಸಾಕುನಾಯಿಗಳ ಪಟ್ಟಿ ಮಾಡಲು, ಕಾಫಿ ಕೊಯ್ಲು ಶುರುವಾಗುವ ಮೊದಲು ಲೈನುಗಳ ಹತ್ತಿರವೇ ಲಸಿಕೆ ಶಿಬಿರ ಇಡಲು ಒಂದು ಠರಾವು ಮಾಡಿಸೋಣ. ಅರ್ಜಿ ನಾನು ಬರೆದಿಟ್ಟಿದ್ದೇನೆ. ಊರಿಗೆ ಬಂದಾಗ ಮೊದಲ ಸಹಿ ನೀನು ಹಾಕು, ಆಮೇಲೆ ಗೂಡಿಗೆ ಅಳತೆ ಹಿಡಿಯೋಣ.

ನಿನ್ನ ಚಿಕ್ಕಪ್ಪ